ಸೂಲಗಿತ್ತಿ ಚೌರಮ್ಮ ಹೇಳಿದ ಹೆಸರುಗಳು

ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲದ ಮಾತಿದು, ಮಕ್ಕಳಾ. ಹೊಳೆದಂಡೆಯಲ್ಲಿ ನೇರಳಕಡವು ಅಂತ ಒಂದೂರು. ಅಲ್ಲಿ ಕ್ರೈಸ್ತರ ಮನೆ ನಲವತ್ತು. ಚರ್ಚಿರಲಿಲ್ಲ. ವರ್ಷಕ್ಕೊಮ್ಮೆ ಸ್ವಾಮಿಗಳೊಬ್ಬರು ನಡೆದು ಬಂದು, ಪೂಜೆ ಮಾಡಿ, ಮಕ್ಕಳ ತಲೆಗೆ ನೀರು ಹಾಕಿ ಹೆಸರಿಟ್ಟು ಜ್ಞಾನಸ್ನಾನ ಕೊಟ್ಟು ಹೋಗುತ್ತಿದ್ದರಂತೆ. ಒಂದು ವರ್ಷ ದೊಡ್ಡ ರೋಗ ಬಂತು. ರೋಗಿಗಳ ಆರೈಕೆ ಮಾಡುತ್ತಲೇ ಸ್ವಾಮಿಗಳು ತೀರಿಹೋದರು. ಆಮೇಲೆ ಮೂವತ್ತು ವರ್ಷ ಯಾರೂ ಬರಲಿಲ್ಲ.

ಆ ಊರಿನ ಸೂಲಗಿತ್ತಿ ಚೌರಮ್ಮ. ಅಕ್ಷರ ಬಾರದವಳು. ಹುಟ್ಟಿದ ಕೂಸು ಉಳಿಯೋದಿಲ್ಲ ಅನ್ನಿಸಿದರೆ ತಲೆಗೆ ನೀರು ಹಾಕಿ ಹೇಳಬೇಕಾದ ಮಾತನ್ನು ಸ್ವಾಮಿಗಳೇ ಅವಳಿಗೆ ಕಲಿಸಿದ್ದರಂತೆ. ಅವರು ಹೋದ ಮೇಲೆ ತಾನೆತ್ತಿದ ಪ್ರತಿ ಕೂಸಿಗೂ ಅವಳು ನೀರು ಹಾಕಿದಳು, ಹೆಸರಿಟ್ಟಳು. ಹೆಸರು ಮರೆತುಹೋಗದಿರಲಿ ಅಂತ ದಿನಾ ಬೆಳಿಗ್ಗೆ ರಾಗಿ ಬೀಸುವಾಗ ಎಲ್ಲವನ್ನೂ ಹಾಡಿಕೊಳ್ಳುತ್ತಿದ್ದಳಂತೆ.

ಹೀಗಿರುವಾಗ ಬಿಷಪ್ಪರು ಬಂದರು. ಅವರ ಆಡಳಿತಕ್ಕೆ ಹೊಸ ಧರ್ಮಪ್ರಾಂತ್ಯ ಆಗಿತ್ತು. ಎಲ್ಲೆಲ್ಲಿ ಚರ್ಚು ಕಟ್ಟಬೇಕು ಅಂತ ನೋಡುತ್ತಾ ಬಂದಿದ್ದರು. ಜ್ಞಾನಸ್ನಾನ ಆದವರ ಹೆಸರು ಬರೆಯುವ ಅವರ ದಪ್ಪ ಪುಸ್ತಕದಲ್ಲಿ ಈ ಊರಿನದು ಮೂವತ್ತು ವರ್ಷದಿಂದ ಒಂದು ಹೆಸರೂ ಇಲ್ಲ. ಇಲ್ಲಿ ಕ್ರೈಸ್ತರು ಉಳಿದಿಲ್ಲ, ಚರ್ಚು ಪಕ್ಕದೂರಿಗೆ ಹೋಗಲಿ ಅಂದರಂತೆ. ಜನ ಒಬ್ಬರನ್ನೊಬ್ಬರು ಕೇಳಿಕೊಂಡರು. ಹಾಗಾದರೆ ತಮ್ಮ ಮದುವೆಗಳೇನಾದವು, ಮಣ್ಣು ಮಾಡಿದ ಮಕ್ಕಳೇನಾದರು?

ಚೌರಮ್ಮನನ್ನು ಕರೆತಂದರು. ಆಗವಳಿಗೆ ಕಣ್ಣು ಕಾಣುತ್ತಿರಲಿಲ್ಲ.

“ಜ್ಞಾನಸ್ನಾನ ಕೊಡೋ ಹಕ್ಕು ನಿನಗೆ ಯಾರು ಕೊಟ್ಟರಮ್ಮ?” ಅಂತ ಬಿಷಪ್ಪರು ಕೇಳಿದರು.

“ಹಕ್ಕು ಗೊತ್ತಿಲ್ಲ ಸ್ವಾಮಿ. ಕೂಸು ಉಸಿರು ಬಿಡ್ತಿತ್ತು. ನೀರು ಪಕ್ಕದಲ್ಲೇ ಇತ್ತು,” ಅಂದಳು.

ಯಾವ ಮಾತು ಹೇಳಿದೆ ಅಂದರು. ಪಿತನ, ಸುತನ, ಪವಿತ್ರಾತ್ಮನ ಹೆಸರಲ್ಲಿ ಅಂತ ಒಂದಕ್ಷರ ತಪ್ಪದೆ ಹೇಳಿದಳು. ಯಾರ್‍ಯಾರಿಗೆ ಅಂದರು. ಕೈ ತಿರುಗದೆ ಹೆಸರು ಬರೋದಿಲ್ಲ, ಬೀಸುಕಲ್ಲು ತನ್ನಿ ಅಂದಳು.

ತಂದರು. ಕಲ್ಲು ತಿರುಗಿತು, ಹೆಸರು ಬಂತು. ಇನ್ನಾಸಪ್ಪ, ಮದಲೆಮ್ಮ, ರಾಯಪ್ಪ, ಅರುಳಮ್ಮ. ತಮ್ಮ ಹೆಸರು ಬಂದಾಗ ಬದುಕಿದ್ದವರು ಎದ್ದುನಿಂತರು. ಸತ್ತ ಮಕ್ಕಳ ಹೆಸರಿಗೆ ತಾಯಂದಿರು ಎದ್ದುನಿಂತರು. ಬಿಷಪ್ಪರ ಜೊತೆ ಬಂದಿದ್ದ ಗುಮಾಸ್ತ ಬರೆದೇ ಬರೆದ. ಮುನ್ನೂರು ಅಂತಾರೆ ಕೆಲವರು, ಸಾವಿರ ಅಂತಾರೆ ಕೆಲವರು. ಒಂದು ಹೆಸರೂ ಎರಡು ಸಲ ಬರಲಿಲ್ಲ ಅಂತ ಎಲ್ಲರೂ ಅಂತಾರೆ.

ಹೊತ್ತು ಇಳಿಯುವಾಗ “ದೇವಸಹಾಯ” ಅಂದಳು. ಯಾರೂ ಏಳಲಿಲ್ಲ. ಗುಮಾಸ್ತ ಸುತ್ತ ನೋಡಿದ. ಕಲ್ಲು ನಿಂತಿತು. ಚೌರಮ್ಮ ನೆಲಕ್ಕೆ ಕೈಯೂರಿ ತಾನೇ ಎದ್ದಳು.

“ಇವನು ನನ್ನವನು. ಒಂದೇ ಗಳಿಗೆ ಇದ್ದ.”

ಬಿಷಪ್ಪರು ಟೋಪಿ ತೆಗೆದು ಎದ್ದುನಿಂತರಂತೆ. ಗುಮಾಸ್ತನ ಕೈಯಿಂದ ಲೇಖನಿ ತಗೊಂಡು ಆ ಹೆಸರನ್ನು ತಾವೇ ಬರೆದರಂತೆ.

ಧರ್ಮಪ್ರಾಂತ್ಯದ ಮೊದಲ ಚರ್ಚು ಎದ್ದದ್ದು ನೇರಳಕಡವಿನಲ್ಲಿ. ಅದರಿಂದ ಏಳಾಯಿತು, ಏಳರಿಂದ ಎಪ್ಪತ್ತು. ಶಾಲೆ ಬಂತು, ಆಸ್ಪತ್ರೆ ಬಂತು, ಹೊಳೆಯ ಎರಡೂ ದಡಕ್ಕೆ ಗಂಟೆಯ ಸದ್ದು ಕೇಳುವಂತಾಯಿತು.

ಈಗಲೂ ಅಲ್ಲಿ ಸತ್ತವರ ಹಬ್ಬದ ದಿನ ತೀರಿಹೋದ ಕೂಸುಗಳ ಹೆಸರು ಓದುತ್ತಾರೆ. ಮೊದಲ ಹೆಸರಿಗೇ ಇಡೀ ಚರ್ಚು ಎದ್ದು ನಿಲ್ಲುತ್ತದೆ, ಕೊನೆಯ ಹೆಸರಿನವರೆಗೂ ಕೂರುವುದಿಲ್ಲ. ಯಾವ ತಾಯಿಯೂ ಒಬ್ಬಳೇ ನಿಲ್ಲಬಾರದು ಅಂತ.