ಬತ್ತಿಹೋದ ಬಲೂನು

"ಕೇಳಿರಪ್ಪೋ ಕೇಳಿ! ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಹೇಮಾಂಬೆ! ತಪ್ಪಿದವನಿಗೆ ತಲೆದಂಡ!" ಮಾವಿನಪುರದಲ್ಲಿ ಡಂಗುರ ಸಾರಿದರು.

ರಾಜ ವಿಜಯಕೇತುವಿಗೆ ಮಾವಿನ ರಸ ಕಾಯಿಸುವ ಕಾರ್ಖಾನೆ ಇತ್ತು. ಸಿಪ್ಪೆಯೆಲ್ಲ ಗುಂಡಿಯಲ್ಲಿ ಕೊಳೆತು ಗ್ಯಾಸ್ ಆಗಿ, ಆನೆಗಾತ್ರದ ರಬ್ಬರ್ ಬಲೂನಿನಲ್ಲಿ ತುಂಬಿ, ಅಲ್ಲಿಂದ ಒಲೆಗೆ ಹೋಗುತ್ತಿತ್ತು. ಈಚೆಗೆ ಬೆಳಗಾಗುವಷ್ಟರಲ್ಲಿ ಬಲೂನು ಬತ್ತಿಹೋಗುತ್ತಿತ್ತು. ಯಾಕೆಂದು ತಿಳಿಯದೆ ತಲೆಕೆಟ್ಟ ರಾಜ ಅದನ್ನೇ ಒಗಟು ಮಾಡಿದ. ಕೊನೆಯ ಒಗಟಿನ ಉತ್ತರ ಅವನಿಗೂ ಗೊತ್ತಿಲ್ಲ! ಇದೆಂಥ ಪರೀಕ್ಷೆಯೋ ನಾನು ಕಾಣೆ.

"ದಿನವಿಡೀ ಉಂಡರೂ ಬೆಳಿಗ್ಗೆ ಬತ್ತುವ ಹೊಟ್ಟೆ ಯಾರದು? ತನ್ನನ್ನು ತಾನೇ ಕದ್ದುಕೊಂಡು ಓಡುವ ಕಳ್ಳ ಯಾರು? ಅವನಿಗೆ ಬಾಗಿಲು ತೆಗೆದವನು ಯಾರು? ತೆಗೆದವನ ತಲೆಯನ್ನೂ ಉಳಿಸುವುದಿಲ್ಲ!"

ಮಂತ್ರಿಯ ಮಗ ಮೂರಕ್ಕೂ "ದೆವ್ವ" ಎಂದ. ಬಲೂನಿಗೆ ಬೇವಿನ ಸೊಪ್ಪಿನಿಂದ ಹೊಡೆಸಿದರೂ ಅದು ಬತ್ತಿತು. ಸೇನಾಪತಿಯ ಮಗ ಪಂಜು ಹಿಡಿದು ಕಳ್ಳನನ್ನು ಹುಡುಕಹೋಗಿ, ಭಗ್ಗನೆ ಬೆಂಕಿ ಹತ್ತಿ ಮೀಸೆ ಸುಟ್ಟುಕೊಂಡ. ತಲೆದಂಡದ ದಿನ ಗೊತ್ತಾಗುವವರೆಗೆ ಇಬ್ಬರನ್ನೂ ಸೆರೆಗೆ ತಳ್ಳಿದರು.

ಆಮೇಲೆ ಬಂದವನು ಸೈಕಲ್ ಪಂಕ್ಚರ್ ಹಾಕುವ ಚೌಡ.

"ಬುದ್ಧೀ, ಹೊಟ್ಟೆ ಬಲೂನಿಂದು. ಕಳ್ಳ ಒಳಗಿರೋ ಗ್ಯಾಸೇ. ಕೊಳೆತ ಮೊಟ್ಟೆ ವಾಸನೆ ಇಲ್ಲೀವರೆಗೂ ಬರ್ತೈತಲ್ಲ!"

"ಇರಬಹುದು... ಮೂರನೆಯದು?" ಎಂದ ರಾಜ.

"ಗೊತ್ತಿಲ್ಲ ಬುದ್ಧೀ. ಒಂದು ಬಕೆಟ್ ಸೋಪಿನ ನೀರು ಕೊಡ್ಸಿ. ಬೆಂಕಿ ಮಾತ್ರ ಯಾರೂ ತರಬ್ಯಾಡಿ."

ಸಭೆಯೆಲ್ಲ ಕಾರ್ಖಾನೆಗೆ ಬಂತು. ಚೌಡ ಬಲೂನಿಗೆಲ್ಲ ನೊರೆ ಬಳಿದ. ಎದುರಿಗೆ, ಹೂಮಾಲೆ ತೂಗುತ್ತಿದ್ದ ಕಡೆ, ಸಾಲಾಗಿ ಗುಳ್ಳೆಗಳು ಎದ್ದವು. ಮಾಲೆ ಸರಿಸಿದರೆ ಅಲ್ಲೆಲ್ಲ ಸಣ್ಣ ಸಣ್ಣ ತೂತು.

"ಶುಕ್ರವಾರದ ಪೂಜೆಗೆ ಮಾಲೆ ಏರಿಸೋರು ಯಾರು ಬುದ್ಧೀ?"

"ನಾನೇ! ಲಕ್ಷ್ಮಿಯಂಥ ಬಲೂನು ಅಂತ ನನ್ನ ಕೈಯಾರೆ ಗುಂಡುಪಿನ್ನು ಚುಚ್ಚಿ..." ರಾಜ ತಡವರಿಸಿದ. "ಅಂದರೆ?"

ಹೇಳಿದರೆ ರಾಜದ್ರೋಹ, ಹೇಳದಿದ್ದರೆ ತಪ್ಪುತ್ತರ. ಚೌಡ ಹೇಳಿಯೇಬಿಟ್ಟ: "ಬಾಗಿಲು ತೆಗ್ದೋರು ತಾವೇ ಬುದ್ಧೀ."

ಕಟುಕ ಕತ್ತಿ ಹಿಡಿದು ಚೌಡನನ್ನು ನೋಡಿದ, ರಾಜನನ್ನು ನೋಡಿದ, ತಲೆ ಕೆರೆದುಕೊಂಡ.

"ಒಡೆಯಾ, ಈಗ ಯಾರ ತಲೆ?"

ರಾಜ ತನ್ನ ಕುತ್ತಿಗೆ ಸವರಿಕೊಂಡ. "ಅಪ್ಪಾಜಿ, ಮಾತು ತಮ್ಮದೇ" ಎಂದಳು ಹೇಮಾಂಬೆ.

"ಹೌದಮ್ಮಾ, ನನ್ನದೇ. ತಪ್ಪೂ ನನ್ನದೇ. ಲೋ, ಕತ್ತಿ ಕೆಳಗಿಡೋ! ಇನ್ನು ಈ ರಾಜ್ಯದಲ್ಲಿ ತಪ್ಪಿಗೆ ತಲೆ ತೆಗೆಯುವುದಿಲ್ಲ. ಮೊದಲು ಉಳಿದ ತಲೆ ನನ್ನದು ಅಂತ ಬರೆದುಕೊಳ್ಳಿ."

ತೂತುಗಳಿಗೆ ಪ್ಯಾಚು ಬಿತ್ತು, ಸೆರೆಯ ಬಾಗಿಲು ತೆರೆಯಿತು, ಚೌಡನಿಗೂ ಹೇಮಾಂಬೆಗೂ ಮದುವೆಯಾಯಿತು. ಊಟಕ್ಕೆ ಕೂತ ಮಂತ್ರಿಯ ಮಗ ಪಕ್ಕದವನನ್ನು ಮೆಲ್ಲಗೆ ಕೇಳಿದ: "ಹಾಗಾದರೆ ದೆವ್ವ ಯಾರು?"