ಪುನುಗಯ್ಯನ ಪರಿಮಳ, ಚೆಂಗವ್ವನ ಮುಳ್ಳು

ಜನವರಿ ಒಂಬತ್ತು, ಶುಕ್ರವಾರ. ಬೆಳಗ್ಗೆ ಮಂಜು, ಹೊತ್ತೇರಿದ ಮೇಲೆ ಒಣ ಬಿಸಿಲು. ಕಾಡಿನ ಪ್ರಾಣಿಗಳಿಗೆ ತಾರೀಖು ಗೊತ್ತಿರುವುದಿಲ್ಲ, ಮಕ್ಕಳೇ. ಅದು ನಮ್ಮ ಅನುಕೂಲಕ್ಕೆ. ಅವಕ್ಕೆ ಗೊತ್ತಿದ್ದುದು ಇಷ್ಟೇ: ಬಾರೆಹಣ್ಣು ಮಾಗಿದೆ, ಮತ್ತು ಚೆಂಗವ್ವ ಎಂಬ ಮೊಲದ ಹಿಂಗಾಲಿಗೆ ಜಾಲಿಮುಳ್ಳು ಹೊಕ್ಕಿದೆ.

ಮೊಲಕ್ಕೆ ಕೊಂಬಿಲ್ಲ, ಕೋರೆಹಲ್ಲಿಲ್ಲ. ಇರುವುದು ಕಾಲು ಮಾತ್ರ. ಚೆಂಗವ್ವನ ಪೊದೆಯಲ್ಲಿ ಎರಡು ಎಳೆ ಮರಿಗಳು, ಗುಡ್ಡದ ಆಚೆ ಒಂದು ನರಿ. ಓಡಲಾಗದಿದ್ದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅತ್ತಿಮರದ ಮೇಲಿಂದ ಕರಿಯಕ್ಕ ಎಂಬ ಕಾಗೆ ಕೂಗಿತು.

"ಏ ಚೆಂಗಿ, ಕಾಲು ಇತ್ತ ಕೊಡೆ. ಕೊಕ್ಕು ಹಾಕಿ ಕಿತ್ತು ಬಿಸಾಕ್ತೀನಿ. ನೋಯುತ್ತೆ, ಬೊಬ್ಬೆ ಹೊಡಿ, ಮುಗೀತು. ನನ್ನ ಕೂಲಿ ಒಂದು ಪೊಟ್ಟಣ ಬಾರೆಹಣ್ಣು."

"ಬೇಡಮ್ಮ. ಕಾಗೆ ಮುಟ್ಟಿದರೆ ಅಪಶಕುನ."

"ಮುಳ್ಳು ಮುಟ್ಟಿದ್ದು ಶುಭಶಕುನವೋ?"

ಚೆಂಗವ್ವ ಕುಂಟುತ್ತಾ ಕೆರೆಯ ಕಡೆ ನಡೆದಳು.

ಕೆರೆಯ ದಂಡೆಯಲ್ಲಿ ಒಂದು ಚಪ್ಪಟೆ ಕಲ್ಲು. ಸಂಜೆಯಾದರೆ ಪುನುಗಯ್ಯ ಎಂಬ ಪುನುಗು ಬೆಕ್ಕು ಅದರ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ. ಅವನು ಕೂತೆದ್ದ ಕಲ್ಲು ಮರುದಿನದ ತನಕ ಘಮಘಮ ಅನ್ನುತ್ತಿತ್ತು. ಪರಿಮಳ ಇದ್ದ ಕಡೆ ದೈವ ಇರುತ್ತದೆ ಎಂದು ಪ್ರಾಣಿಗಳು ನಂಬಿದ್ದವು. ಆ ಪರಿಮಳ ಬೆಕ್ಕಿನ ಯಾವ ಭಾಗದಿಂದ ಬರುತ್ತದೆ ಎಂದು ಮರ್ಯಾದಸ್ಥರು ಕೇಳುತ್ತಿರಲಿಲ್ಲ.

"ನಾನು ಮದ್ದು ಕೊಡುವವನಲ್ಲ," ಎನ್ನುತ್ತಿದ್ದ ಪುನುಗಯ್ಯ. "ಮುಟ್ಟುತ್ತೇನೆ, ಅಷ್ಟೆ. ಉಳಿದದ್ದು ನಿಮ್ಮ ನಂಬಿಕೆ."

ಅಂದು ಸಂಜೆ ಕಲ್ಲಿನ ಸುತ್ತ ನೆರೆದ ಸಭೆಯಲ್ಲಿ ಚೆಂಗವ್ವನೂ ಬಂದು ಕೂತಳು. ಮುತ್ತುಗದ ಎಲೆಯಲ್ಲಿ ಬಾರೆಹಣ್ಣು ತಂದಿದ್ದಳು. ಎಲೆಯ ಅಂಚನ್ನು ಹಲ್ಲಿನಿಂದ ಒತ್ತೊತ್ತಾಗಿ ಕಚ್ಚಿ ಮಡಚುವುದು ಅವಳ ತಾಯಿ ಕಲಿಸಿದ ಪದ್ಧತಿ. ಪೊಟ್ಟಣ ಎಷ್ಟು ದೂರ ಒಯ್ದರೂ ಬಿಚ್ಚುತ್ತಿರಲಿಲ್ಲ.

ಹಿಂದೆ ವಾಸಿಯಾದವರು ಮೊದಲು ಎದ್ದು ನಿಂತು ಹೇಳಬೇಕು. ಕೇರೆಹಾವು ತಲೆ ಎತ್ತಿತು. "ನನ್ನ ಎರಡು ಕಣ್ಣೂ ಮಂಜಾಗಿದ್ದವು. ಸ್ವಾಮಿಗಳು ಮುಟ್ಟಿದರು. ಪೊರೆ ಕಳಚಿತು, ಕಣ್ಣು ಬಂತು!"

"ನನ್ನ ಗರಿಯೆಲ್ಲ ಉದುರಿಹೋಗಿತ್ತು," ಎಂದಿತು ನವಿಲು. "ಈಗ ನೋಡಿ!" ಕೇಳುವವರೆಗೂ ಕಾಯದೆ ಬಿಚ್ಚಿ ತೋರಿಸಿತು.

ಹಲ್ಲಿ ಹಿಂದಕ್ಕೆ ತಿರುಗಿ ಹೊಸ ಬಾಲ ಅಲ್ಲಾಡಿಸಿತು. ಸಭೆ ಕಣ್ಣೀರು ಹಾಕಿತು.

ದಂಡೆಯ ಮರದ ಮೇಲಿಂದ ಕರಿಯಕ್ಕ ಕೇಳಿತು: "ನವಿಲಣ್ಣಾ, ಹೋದ ವರ್ಷವೂ ನಿನ್ನ ಗರಿ ಉದುರಿತ್ತಲ್ಲ. ಆಗ ಮುಟ್ಟಿದವರು ಯಾರು?"

"ಹೋದ ವರ್ಷ ತಾನಾಗಿಯೇ ಬಂತು," ಎಂದಿತು ನವಿಲು. "ಈ ವರ್ಷ ಮಹಿಮೆಯಿಂದ ಬಂತು."

"ವ್ಯತ್ಯಾಸ ಏನು?"

"ನಂಬದವರಿಗೆ ಅದು ಕಾಣುವುದಿಲ್ಲ!" ಎಂದು ಹಲ್ಲಿ ಲೊಚಗುಟ್ಟಿತು. ಹಲ್ಲಿ ಲೊಚಗುಟ್ಟಿದ ಮೇಲೆ ಮಾತು ಸತ್ಯವಾಗಲೇಬೇಕು. ಎಲ್ಲರೂ ತಲೆದೂಗಿದರು.

ಪುನುಗಯ್ಯ ಚೆಂಗವ್ವನ ಪಾದವನ್ನು ಮುಟ್ಟಿದ. ಪರಿಮಳ ಅವಳ ಮೂಗಿಗೆ ಅಡರಿತು.

"ಮುಳ್ಳು ಇಲ್ಲ ಎಂದುಕೋ. ಓಡು!"

"ಓಡು! ಓಡು!" ಎಂದಿತು ಸಭೆ.

ಅಷ್ಟು ಜನ ಕೂಗಿದರೆ ಯಾರು ತಾನೇ ಓಡುವುದಿಲ್ಲ? ಚೆಂಗವ್ವ ಓಡಿದಳು. ಕೆರೆಯ ಏರಿಯ ತನಕ ನೋವೇ ತಿಳಿಯಲಿಲ್ಲ. ಹಿಂದೆ ಜಯಕಾರ ಕೇಳುತ್ತಿತ್ತು. ಏರಿ ದಾಟಿ, ಯಾರಿಗೂ ಕಾಣದ ಕಡೆ ಅವಳು ಬಿದ್ದಳು. ಅರ್ಧ ಹೊರಗಿದ್ದ ಮುಳ್ಳು ಪೂರ್ತಿ ಒಳಗೆ ಹೋಗಿತ್ತು.

ಕೆಲವು ದಿನ ಕಳೆದು ಪಾದ ಬಾರೆಹಣ್ಣಿನ ಹಾಗೆ ಕೆಂಪಗೆ ಊದಿತು. ಪೊದೆಯ ಬಳಿ ಉಳಿದಿದ್ದ ಹಣ್ಣನ್ನೆಲ್ಲ ಕಟ್ಟಿಕೊಂಡು ಚೆಂಗವ್ವ ಮತ್ತೆ ಕಲ್ಲಿನ ಹತ್ತಿರ ಹೋದಳು.

ಪುನುಗಯ್ಯ ಮೊದಲು ಪೊಟ್ಟಣ ಪಕ್ಕಕ್ಕೆ ಇಟ್ಟುಕೊಂಡ. ಆಮೇಲೆ ನಿಟ್ಟುಸಿರು ಬಿಟ್ಟ.

"ಓಡುವಾಗ ಮನಸ್ಸಿನಲ್ಲಿ ಏನಿತ್ತು?"

"ಕಾಲು ನೋಯಬಹುದೇನೋ ಅಂತ ಒಂದು ಸಲ ಅನ್ನಿಸಿತು, ಸ್ವಾಮೀ."

"ನೋಡಿದೆಯಾ! ಮಹಿಮೆ ನನ್ನದು, ಅನುಮಾನ ನಿನ್ನದು. ಆ ಕಾಗೆಯ ಹತ್ತಿರ ಮಾತ್ರ ಹೋಗಬೇಡ. ಅದರ ಕೊಕ್ಕು ತಾಗಿದರೆ ನಾನು ಮುಟ್ಟಿದ್ದೂ ಕೆಟ್ಟುಹೋಗುತ್ತದೆ."

ಮರುದಿನ ಗುಡ್ಡದ ಈಚೆ ನರಿಯ ಹೆಜ್ಜೆ ಕಂಡಿತು. ಚೆಂಗವ್ವ ಮರಿಗಳನ್ನು ನೋಡಿದಳು, ಕಾಲನ್ನು ನೋಡಿದಳು. ಅಪಶಕುನವಾದರೆ ಆಗಲಿ ಎಂದುಕೊಂಡಳು. ನಡು ಮಧ್ಯಾಹ್ನ, ಎಲ್ಲರೂ ನೆರಳಲ್ಲಿ ಮಲಗಿದ್ದ ಹೊತ್ತು, ತೆವಳುತ್ತಾ ಅತ್ತಿಮರದ ಹಿಂಬದಿಗೆ ಹೋದಳು.

ಅಲ್ಲಿ ಆಗಲೇ ಒಬ್ಬ ರೋಗಿ ಇದ್ದ. ಅಂಗಾತ ಮಲಗಿ ಬಾಯಿ ತೆರೆದಿದ್ದ. ಕಾಗೆಯ ತಲೆ ಅರ್ಧ ಅವನ ಬಾಯೊಳಗಿತ್ತು. ಸುತ್ತ ಘಮಘಮ ಪರಿಮಳ.

"ಇನ್ನೂ ದೊಡ್ಡದಾಗಿ ತೆಗಿಯೋ!" ಕರಿಯಕ್ಕ ತಲೆ ಹೊರಗೆಳೆದು ಗದರಿಸಿತು. "ಕಲ್ಲಿನ ಮೇಲೆ ಕೂತಾಗ ತೆಗೀತೀಯಲ್ಲ, ಹಾಗೆ!" ಮತ್ತೆ ಕೊಕ್ಕು ಹಾಕಿ, ವಸಡಿಗೆ ಸಿಕ್ಕಿದ್ದ ಮೀನಿನ ಮುಳ್ಳನ್ನು ಕಿತ್ತು ಉಗುಳಿತು. ಪುನುಗಯ್ಯ ಬೊಬ್ಬೆ ಹೊಡೆದ.

"ಸ್ವಾಮೀ," ಎಂದಳು ಚೆಂಗವ್ವ, "ನಿಮಗೂ ನಂಬಿಕೆ ಸಾಲಲಿಲ್ಲವೇ?"

ಪುನುಗಯ್ಯ ತಟ್ಟನೆ ಎದ್ದು ಮೀಸೆ ಒರೆಸಿಕೊಂಡ. "ನಾನು... ಕಾಗೆಯ ಕೊಕ್ಕಿಗೆ ಆಶೀರ್ವಾದ ಮಾಡಲು ಬಂದಿದ್ದೆ," ಎಂದವನೇ ಪೊದೆಯೊಳಗೆ ನುಸುಳಿ ಮಾಯವಾದ. ಅವನು ನಿಜವಾಗಿ ಮಾಡಿದ ಪವಾಡ ಅದೊಂದೇ.

ಚೆಂಗವ್ವ ಕಾಲು ಚಾಚಿದಳು. ನೋಯಿತು. ಬೊಬ್ಬೆ ಹೊಡೆದಳು. ಕೀವಿನ ಜೊತೆ ಮುಳ್ಳು ಬಂತು.

"ಓಟ ಬರುತ್ತೆ," ಎಂದಿತು ಕರಿಯಕ್ಕ. "ಮೊದಲಿನ ಓಟ ಬರಲಿಕ್ಕಿಲ್ಲ. ಅವತ್ತೇ ಕಾಲು ಕೊಟ್ಟಿದ್ದರೆ ಬರುತ್ತಿತ್ತು. ಮರಿಗಳನ್ನ ಕರಕೊಂಡು ಈ ಮರದ ಕೆಳಗೇ ಬಾ. ನರಿ ಬಂದರೆ ಮೊದಲೇ ಕೂಗ್ತೀನಿ."

ಚೆಂಗವ್ವ ತಲೆ ತಗ್ಗಿಸಿದಳು. "ನಿನ್ನ ಕೂಲಿ, ಅಕ್ಕಾ... ಒಂದು ಹಣ್ಣೂ ಉಳಿದಿಲ್ಲ. ಎಲ್ಲಾ ಅವನಿಗೆ ಕೊಟ್ಟುಬಿಟ್ಟೆ."

ಕರಿಯಕ್ಕ ಮರದ ಬುಡದ ಕಡೆ ಕೊಕ್ಕು ತೋರಿಸಿತು. ಅಲ್ಲಿ ಎರಡು ಮುತ್ತುಗದ ಪೊಟ್ಟಣಗಳಿದ್ದವು. ಎರಡರ ಅಂಚನ್ನೂ ಯಾರೋ ಹಲ್ಲಿನಿಂದ ಒತ್ತೊತ್ತಾಗಿ ಕಚ್ಚಿ ಮಡಚಿದ್ದರು.

"ಒಂದು ಅವನ ಮುಳ್ಳು ಕಿತ್ತಿದ್ದಕ್ಕೆ," ಎಂದಿತು ಕಾಗೆ. "ಇನ್ನೊಂದು, ಯಾರಿಗೂ ಹೇಳಬೇಡ ಅಂತ ಕೊಟ್ಟದ್ದು. ನೀನೇ ನೋಡಿಬಿಟ್ಟೆಯಲ್ಲ, ಇನ್ನು ಬಾಯಿ ಮುಚ್ಚಿಕೊಳ್ಳೋದಕ್ಕೆ ಕೂಲಿ ಯಾಕೆ? ಅದು ನಿನ್ನ ಮುಳ್ಳಿಗೆ ಇರಲಿ."

ನೀತಿ: ತಾನಾಗಿ ಮಾಯುವುದನ್ನು ತೋರಿಸಿ ಮಹಿಮೆ ಎನ್ನುವವನ ಬಳಿಗೆ ಹೋಗುವ ಮುನ್ನ, ಅವನು ತನ್ನ ಮುಳ್ಳನ್ನು ಯಾರಿಂದ ಕೀಳಿಸಿಕೊಳ್ಳುತ್ತಾನೆ ಎಂದು ನೋಡು.