ಜಟ್ಟಪ್ಪನ ಒಂದು ರಿಂಗು

ಕೆರಿಬಿಯನ್ ಸಮುದ್ರದಲ್ಲಿ ಏಳು ವರ್ಷ ಹಡಗು ನಡೆಸಿದವ ನಾನು. ಚುಕ್ಕಾಣಿ ನನ್ನ ಕೈಯಲ್ಲಿದ್ದರೆ ತಿಮಿಂಗಿಲಗಳು ಬದಿಗೆ ಸರಿದು ದಾರಿ ಬಿಡುತ್ತಿದ್ದವು.

ಸುಳ್ಳು. ಶರಾವತಿ ದಾಟುವ ದೋಣಿಯಲ್ಲೇ ವಾಂತಿ ಮಾಡಿಕೊಂಡವ ನಾನು. ಆದರೆ ಜಟ್ಟಪ್ಪನ ಕತೆ ಸುಳ್ಳಲ್ಲ. ಅದರಲ್ಲಿ ಸುಳ್ಳು ತುರುಕಲು ಜಾಗವೇ ಇಲ್ಲ.

ಹೊನ್ನಾವರದ ಟೊಂಕ ಅನ್ನುವ ಮೀನುಗಾರರ ಕೇರಿಯಲ್ಲಿ ಕುಪ್ಪಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಜಟ್ಟಪ್ಪ. 'ಬಾಗಿಲು ನೋಡ್ಕೊ' ಅಂದರೆ ಬಾಗಿಲನ್ನೇ ನೋಡುತ್ತ ಕೂರುವವ. ಬೆಕ್ಕು ಕಿಟಕಿಯಿಂದ ಬಂದು ಮೀನು ತಿಂದು ಬಾಯಿ ಒರೆಸಿಕೊಂಡು ಹೋದರೂ ಇವನ ಕಣ್ಣು ಬಾಗಿಲ ಮೇಲೆಯೇ.

"ದೇವರೇ! ಇವನ ಬದಲು ಒರಳುಕಲ್ಲು ಹೆತ್ತಿದ್ರೆ ರುಬ್ಬಲಿಕ್ಕಾದ್ರೂ ಆಗ್ತಿತ್ತು!" ಅಂತ ಕುಪ್ಪಮ್ಮ ಹಣೆ ಬಡಿದುಕೊಳ್ಳುವಳು.

ಅಂಥವನ ಮೇಲೂ ಒಬ್ಬಳಿಗೆ ಮನಸ್ಸು. ದೋಣಿಯ ಯಜಮಾನರು ಶನಿಯಾರ ತಾಂಡೇಲರು, ಅವರ ಮಗಳು ಮಾದೇವಿ. "ಹೇಳಿದ್ದನ್ನು ಹೇಳಿದ ಹಾಗೇ ಕೇಳುವ ಗಂಡಸು ಈ ಊರಲ್ಲಿ ಅವನೊಬ್ಬನೇ" ಅಂತ ಅವಳ ವಾದ. "ಮೊದಲು ಎಲ್ಲಾದ್ರೂ ಕೆಲಸಕ್ಕೆ ಸೇರಲಿ" ಅಂದರು ತಾಂಡೇಲರು. ಯಾರೋ ಏಜೆಂಟ 'ಹಡಗು ಹತ್ತು' ಅಂದ. ಜಟ್ಟಪ್ಪ ಹತ್ತಿದ.

ಹಡಗು ಅಂದರೆ ಹನ್ನೊಂದು ಮಾಳಿಗೆ! ಬೆಳ್ಳಗೆ, ಸದ್ದಿಲ್ಲದೆ, ನಿದ್ದೆಯಲ್ಲಿ ನಡೆಯುವವರ ಹಾಗೆ ತೇಲುತ್ತಿತ್ತು. ಕೆಳಗೆ ನೀರು, ಬಟ್ಟೆಗೆ ನೀಲಿ ಹಾಕಿ ಯಾರೋ ಮರೆತುಹೋದಂಥ ನೀಲಿ. ಪ್ರವಾಸಿಗಳ ಕೋಣೆ ಗುಡಿಸುವುದು, ಚಾ ಕೊಡುವುದು, ಟವೆಲು ಮಡಚಿ ಹಂಸ ಮಾಡಿ ಹಾಸಿಗೆ ಮೇಲೆ ಕೂರಿಸುವುದು ಇವನ ಕೆಲಸ. 'ಹಂಸ ಮಾಡು' ಅಂದರು, ಮಾಡಿದ. 'ಸಾಕು' ಅನ್ನಲು ಮರೆತರು. ಒಂದೊಂದು ಹಾಸಿಗೆಯ ಮೇಲೆ ನಲವತ್ತು ಹಂಸ! ಮಲಗಬೇಕಾದವರು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತರು.

ಹೊರಡುವಾಗ ಆಯಿ ಕುಪ್ಪಮ್ಮ ಹೇಳಿದ್ದಳು: "ಅಲ್ಲಿ ಸಮುದ್ರ ಹೆಂಗದೆ ಅಂತ ಫೋನ್ ಮಾಡಿ ತಿಳಿಸು ತಮಾ."

ಜಟ್ಟಪ್ಪ ನಡುಸಮುದ್ರದಿಂದ ಫೋನ್ ಹಚ್ಚಿದ. "ಆಯಿ, ಕೇಳು" ಅಂದು ಫೋನನ್ನು ಹಡಗಿನ ಅಂಚಿನ ಕಟ್ಟೆಯ ಮೇಲಿಟ್ಟ. ಅರ್ಧ ಗಂಟೆ ಅತ್ತ ಸಮುದ್ರ ಮಾತಾಡಿತು, ಇತ್ತ ಕುಪ್ಪಮ್ಮ 'ಹಲೋ ಹಲೋ' ಅಂದಳು. ಹಡಗಿನ ಫೋನಿನ ಮಾತು ಆಕಾಶ ಸುತ್ತಿ ಬರುತ್ತದೆ, ದರವೂ ಆಕಾಶದ್ದೇ. ಒಂದು ತಿಂಗಳ ಪಗಾರ ನೀರಿನ ಸದ್ದಿಗೆ ಹೋಯಿತು.

ಸಂಗತಿ ತಿಳಿದು ಕುಪ್ಪಮ್ಮ ಮಂಗಳವಾರ ಫೋನಿನಲ್ಲೇ ಕೂಗಿದಳು. "ಮಂಕೇ! ಸಮುದ್ರ ನನ್ನ ಹಿತ್ತಲಲ್ಲೇ ಇಲ್ವನಾ? ಹಡಗಿನ ಮೇಲೆ ಮಾತಾಡ್ಬೇಡ! ದಡದ ಅಂಗಡೀಲಿ ಪುಕ್ಕಟೆ ವೈಫೈ ಸಿಕ್ತದಂತೆ. ನೆಲಕ್ಕೆ ಕಾಲಿಟ್ಟ ಮೇಲೆ ಬಾಯಿ ಬಿಡು. ಗೊತ್ತಾಯ್ತನಾ?"

"ಗೊತ್ತಾಯ್ತು ಆಯಿ!"

ಗೊತ್ತಾಯಿತಂತೆ!

ಮಂಗಳವಾರದಿಂದ ಜಟ್ಟಪ್ಪ ಹಡಗಿನ ಮೇಲೆ ಬಾಯಿ ಬಿಡಲಿಲ್ಲ. 'ಊಟ ಆಯ್ತಾ?' ಅಂದರೆ ಸುಮ್ಮನೆ. 'ಹುಷಾರಿಲ್ವಾ?' ಅಂದರೆ ಸುಮ್ಮನೆ. ಶುಕ್ರವಾರ ಒಂದು ದ್ವೀಪ ಬಂತು. ಏಣಿಯಿಂದ ಧಡಧಡ ಇಳಿದ, ಮರಳಿಗೆ ಕಾಲಿಟ್ಟ, ತಿರುಗಿ ನಿಂತು ಹಡಗಿನ ಮೇಲಿದ್ದ ಅಧಿಕಾರಿಗೆ ಕೂಗಿದ:

"ಸಾಯಬ್ರೇ! ಐದನೇ ಮಾಳಿಗೆ ಕೊನೇ ಕೋಣೇಲಿ ನಲ್ಲಿ ಮುರಿದು ನೀರು ಸುರೀತಾ ಅದೆ! ಮಂಗಳವಾರದಿಂದ!"

ಅಷ್ಟರಲ್ಲಿ ನಾನೂರು ಟವೆಲು ಹಂಸಗಳು ನಿಜಕ್ಕೂ ಈಜುತ್ತಿದ್ದವು. ಸಾಲಾಗಿ, ಓಣಿಯುದ್ದಕ್ಕೂ, ಸದ್ದಿಲ್ಲದೆ. ನೋಡಿದವರು ಬೈಯುವುದನ್ನು ಮರೆತು ಒಂದು ಗಳಿಗೆ ಹಾಗೇ ನಿಂತರಂತೆ. ಆಮೇಲೆ ನೆನಪಾಗಿ ಬೈದರು.

ಆಯಿಯೂ ಬೈದಳು. "ಕತ್ತೆ! ಜನರ ಹತ್ರ ಮಾತಾಡು! ಫೋನಲ್ಲಿ ಮಾತ್ರ ಹಡಗಿನ ಮೇಲೆ ಮಾತಾಡ್ಬೇಡ. ನನ್ನ ನೆನಪಾದ್ರೆ ಒಂದು ರಿಂಗ್ ಕೊಡು, ಆ ಕಡೆಯವರು ಎತ್ತುವ ಮೊದಲೇ ಕಟ್ ಮಾಡು. ಮಿಸ್ಡ್ ಕಾಲಿಗೆ ದುಡ್ಡಿಲ್ಲ. ಗೊತ್ತಾಯ್ತನಾ?"

"ಗೊತ್ತಾಯ್ತು ಆಯಿ!"

ಮರುದಿನ ಒಂಬತ್ತನೇ ಮಾಳಿಗೆಯ ಮುದುಕಿಯೊಬ್ಬಳಿಗೆ ಚಾ ಬೇಕಾಯಿತು. ಜಟ್ಟಪ್ಪ ತಟ್ಟೆ ಹಿಡಿದು ಹೋದ. ಬಾಗಿಲ ಬೆಲ್ಲು ಒತ್ತಿದ. ಟ್ರಿಣ್! ಯಾರೂ ತೆಗೆಯುವ ಮೊದಲೇ ತಟ್ಟೆ ಸಮೇತ ಓಡಿದ. ಮುದುಕಿ ಬಾಗಿಲು ತೆಗೆದರೆ ಚಾದ ಪರಿಮಳ ಮಾತ್ರ! ಮತ್ತೆ ಟ್ರಿಣ್! ಮತ್ತೆ ಪರಿಮಳ! ಸಂಜೆಯೊಳಗೆ ಹದಿನಾಲ್ಕು ಮಾಳಿಗೆಗೂ ಸುದ್ದಿ: ಹಡಗಿನಲ್ಲಿ ಚಾದ ದೆವ್ವ ಇದೆ!

ಏನು? ಮೊದಲು ಹನ್ನೊಂದು ಅಂದೆನಾ? ಕತೆ ಬೆಳೆದ ಹಾಗೆ ಹಡಗೂ ಬೆಳೆಯುತ್ತದೆ ಮಾರಾಯ, ಸುಮ್ಮನೆ ಕೇಳು.

"ಕೋಣವೇ!" ಅಂದಳು ಕುಪ್ಪಮ್ಮ, ಮುಂದಿನ ದ್ವೀಪದಿಂದ ಕರೆ ಬಂದಾಗ. "ಹೊತ್ಕೊಂಡು ಓಡೋದು ಯಾವ ಊರಿನ ಪದ್ಧತಿ? ರಿಂಗ್ ಆದ್ಮೇಲೆ ಕೈಲಿದ್ದದ್ದನ್ನು ಅಲ್ಲೇ ಇಟ್ಟು ಹೋಗು!"

"ಗೊತ್ತಾಯ್ತು ಆಯಿ!"

"ಇನ್ನೊಂದು ಕೇಳು. ಮಾದೇವಿಗೆ ಭಟ್ಕಳದ ಕಡೆಯಿಂದ ಗಂಡು ಬಂದದೆ. ತಾಂಡೇಲರು ಈ ಶುಕ್ರವಾರ ಸಂಜೆ ನಮ್ಮನೆಗೆ ಬರ್ತಾರೆ. ನಿನ್ನ ಮನಸ್ಸು ತಿಳೀಬೇಕಂತೆ, ಇಲ್ದಿದ್ರೆ ಅತ್ತ ಮಾತು ಕೊಡ್ತಾರೆ. ಒಂದು ರಿಂಗ್ ಅಂದ್ರೆ ಹೌದು. ಎರಡು ಅಂದ್ರೆ ಇಲ್ಲ. ಇದೊಂದು ಸರಿಯಾಗಿ ಮಾಡು ತಮಾ, ನಿನ್ನ ಕಾಲಿಗೆ ಬೀಳ್ತೆ!"

ಶುಕ್ರವಾರ. ಇಲ್ಲಿ ಸಂಜೆ, ಅಲ್ಲಿ ಬೆಳಗು. ಹಡಗು ಒಂದು ದ್ವೀಪದ ದಡಕ್ಕೆ ತಾಗಿ ನಿಂತಿತ್ತು, ಇನ್ನೇನು ಹೊರಡುವ ಹೊತ್ತು. ಇಲ್ಲಿ ಕುಪ್ಪಮ್ಮನ ಜಗಲಿಯಲ್ಲಿ ಚಾಪೆ ಹಾಸಿ, ನಡುವೆ ಒಂದು ಮಣೆ ಇಟ್ಟು, ಮಣೆಯ ಮೇಲೆ ಫೋನು. ಸುತ್ತ ತಾಂಡೇಲರು, ಕುಪ್ಪಮ್ಮ, ಕಂಬಕ್ಕೊರಗಿ ಮಾದೇವಿ. ನಾನೂ ಇದ್ದೆ. ಇರಲಿಲ್ಲ, ಆದರೆ ಇದ್ದವರಿಗಿಂತ ಚೆನ್ನಾಗಿ ಬಲ್ಲೆ.

ಟ್ರಿಣ್! ನಿಂತಿತು.

"ಒಂದು!" ಕುಪ್ಪಮ್ಮನ ಕಣ್ಣು ತುಂಬಿತು.

ಅಲ್ಲಿ ಜಟ್ಟಪ್ಪ ಯೋಚಿಸಿದ: ಆಯಿಗೊಂದು ಕೊಟ್ಟೆ, ಪಾಪ, ಮಾದೇವಿಗೊಂದು ಬೇಡವಾ?

ಟ್ರಿಣ್! ನಿಂತಿತು.

"ಎರಡು." ತಾಂಡೇಲರು ಪಂಚೆ ಕೊಡವಿ ಎದ್ದರು. "ನಡಿಯೇ ಮಾದೇವಿ. ಭಟ್ಕಳದವರಿಗೆ ಹೇಳಿಕಳಿಸುವ."

"ಅಪ್ಪ, ಸ್ವಲ್ಪ ನಿಲ್ಲಿ..."

ಅಲ್ಲಿ ಜಟ್ಟಪ್ಪ: ಮಾವನಿಗೊಂದು ಕೊಡದಿದ್ದರೆ ಮರ್ಯಾದೆ ಅಲ್ಲ!

ಟ್ರಿಣ್ ಅನ್ನುವುದರೊಳಗೆ ಮಾದೇವಿ ಹಾರಿ ಫೋನ್ ಎತ್ತಿಬಿಟ್ಟಳು. "ಜಟ್ಟಪ್ಪಾ! ಹೌದಾ? ಅಲ್ದಾ? ಬಾಯಿ ಬಿಡು!"

ಜಟ್ಟಪ್ಪ ಗಾಬರಿಯಾದ. ಹಡಗಿನ ಮೇಲೆ ಫೋನಲ್ಲಿ ಮಾತಾಡಬಾರದು. ನೆಲಕ್ಕೆ ಕಾಲಿಟ್ಟ ಮೇಲೆಯೇ ಬಾಯಿ. ರಿಂಗ್ ಆದ ಮೇಲೆ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಹೋಗಬೇಕು. ಕೈಯಲ್ಲೇನಿದೆ? ಫೋನು! ಹುಟ್ಟಿದ ಮೇಲೆ ಮೊದಲ ಸಲ ಆಯಿಯ ಎಲ್ಲ ಮಾತೂ ಒಟ್ಟಿಗೇ ನೆನಪಿಗೆ ಬಂದವು. ಫೋನನ್ನು ಅಂಚಿನ ಕಟ್ಟೆಯ ಮೇಲೆ ಜೋಪಾನವಾಗಿಟ್ಟ. ಏಣಿ ಇಳಿದ. ಮರಳಿಗೆ ಕಾಲಿಟ್ಟ. ಎದೆ ತುಂಬ ಉಸಿರೆಳೆದು ಕೂಗಿದ:

"ಹೌದು!"

ಫೋನು ಹಡಗಿನಲ್ಲಿ. 'ಹೌದು' ದಡದಲ್ಲಿ.

ಇಲ್ಲಿ ಜಗಲಿಯಲ್ಲಿ ಕೇಳಿದ್ದು ಗಾಳಿ, ನೀರು, ಯಾವುದೋ ಹಕ್ಕಿ. ಹಿತ್ತಲ ಸಮುದ್ರ ಒಂದು ಉಸಿರು ಬಿಟ್ಟರೆ ಫೋನಿನ ಸಮುದ್ರ ಒಂದು ಉಸಿರು ಎಳೆಯುತ್ತಿತ್ತು. ಮಾದೇವಿ ಕಣ್ಣು ಮುಚ್ಚಿಕೊಂಡಳು. ಹೊರಟಿದ್ದ ತಾಂಡೇಲರೂ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟರು.

ಆಗ ಇಪ್ಪತ್ತು ಮಾಳಿಗೆಯ ಹಡಗು ದಡ ಬಿಡುತ್ತ ಸೈರನ್ ಹಾಕಿತು.

ಭೋಂ...!

ಕುಪ್ಪಮ್ಮನ ಮಾಡಿನ ಹಂಚು ನಡುಗಿತು. ಎಲ್ಲರೂ ಎರಡನೆಯದಕ್ಕೆ ಕಾದರು. ಬರಲಿಲ್ಲ.

"ಒಂದೇ" ಅಂದರು ತಾಂಡೇಲರು. "ಏನು ಗಟ್ಟಿ ಮನಸ್ಸು ಮಾರಾಯ್ತಿ! ಹಡಗಿನ ಬಾಯಲ್ಲೇ ಹೇಳಿಸಿದ!"

"ಕಟ್ ಮಾಡೇ ಮಾದೇವಿ, ದುಡ್ಡು ಹೋಗ್ತದೆ!" ಅಂದಳು ಕುಪ್ಪಮ್ಮ.

ಮಾದೇವಿ ಕಟ್ ಮಾಡಲಿಲ್ಲ. ಹಡಗು ಬೆಳ್ಳಗೆ, ಚಿಕ್ಕದಾಗಿ, ಟವೆಲು ಹಂಸದಷ್ಟಾಗಿ ನೀಲಿಯೊಳಗೆ ಕರಗುವವರೆಗೂ ಕೇಳುತ್ತಲೇ ಇದ್ದಳು. ದಡದಲ್ಲಿ ಜಟ್ಟಪ್ಪ ಕೂಗುತ್ತಲೇ ಇದ್ದ. ಎಳನೀರಿನವ ಬಂದು ಬೇಕಾ ಅಂತ ಕೇಳಿದ. "ಹೌದು!" ಹಡಗು ತಪ್ಪಿತಾ ಅಂತ ಕೇಳಿದ. "ಹೌದು!"

ಮದುವೆ ಆಯಿತಾ ಅಂತೀಯಾ? ಆ ಊಟ ನಾನು ಉಂಡಿದ್ದೇನೆ. ಸುಳ್ಳು, ನನ್ನನ್ನು ಕರೆಯಲಿಲ್ಲ. ಆದರೆ ಊಟ ಆದದ್ದು ನಿಜ.

ಇರಲಿ, ಈ ಪೈಗಳ ಹೋಟೆಲಿನ ನನ್ನ ಚಾ ದುಡ್ಡು ನೀನು ಕೊಡ್ತೀಯಾ? ಬಾಯಿ ಬಿಡಬೇಡ, ದುಬಾರಿ. ಮೇಜಿಗೆ ಗ್ಲಾಸು ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ... ನೀನು ಈಗ ಗ್ಲಾಸು ಕೆಳಗಿಟ್ಟೆಯಲ್ಲ, ಟಕ್ ಅಂತು. ಒಂದೇ! ಹೋಯ್ ಪೈಗಳೇ, ನನ್ನ ಚಾ ಇವರ ಲೆಕ್ಕಕ್ಕೆ!